‘ತಾನಾಗಿಯೇ ಮಾತಾಡುತ್ತಾನೆ’ ಎಂಬ ಸಾಂತ್ವನಕ್ಕೆ ಬೆಲೆ ತೆರುವವರು ಯಾರು?



ಮಗುವಿಗೆ ಮೂರು ವರ್ಷವಾದರೂ ಮಾತು ಬಂದಿಲ್ಲ, ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ, ಆಟಿಕೆಯ ಕಾರನ್ನು ಓಡಿಸುವುದನ್ನು ಬಿಟ್ಟು ಅದರ ಗಾಲಿಯನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕೂರುತ್ತದೆ ಎಂದು ತಾಯಿಯೊಬ್ಬಳು ಹೇಳಿಕೊಂಡಾಗ ನಮ್ಮ ಸಮಾಜದಿಂದ ಆಕೆಗೆ ದೊರೆಯುವ ಉತ್ತರಗಳು ಮೂರೇ ಮೂರು. ಮೊದಲನೆಯದು ಸಾಂತ್ವನ: “ಗಂಡು ಮಕ್ಕಳು ತಡವಾಗಿಯೇ ಮಾತಾಡುತ್ತಾರೆ, ಅವನ ಸೋದರಮಾವನೂ ಹಾಗೆಯೇ ಇದ್ದ.” ಎರಡನೆಯದು ಆರೋಪ: “ತಾಯಿ ಆಫೀಸಿಗೆ ಹೋದರೆ, ಮಗುವಿನ ಕೈಗೆ ಮೊಬೈಲು ಕೊಟ್ಟರೆ, ಇನ್ನೇನಾದೀತು?” ಮೂರನೆಯದು ಎಚ್ಚರಿಕೆ: “ಡಾಕ್ಟರ ಹತ್ತಿರ ಹೋಗಿ ಕಾಗದ ಮಾಡಿಸಿಕೊಳ್ಳಬೇಡ, ಮನೆಯಲ್ಲಿ ಮದುವೆಯಾಗಬೇಕಾದ ಹೆಣ್ಣು ಮಕ್ಕಳಿದ್ದಾರೆ.” ಮೂರೂ ಉತ್ತರಗಳು ಬೇರೆ ಬೇರೆ ಬಾಯಿಗಳಿಂದ ಬಂದರೂ ಅವುಗಳ ಫಲ ಒಂದೇ: ಮಗುವಿನ ಬಾಲ್ಯದ ಅತ್ಯಮೂಲ್ಯ ತಿಂಗಳುಗಳು ಯಾರ ಖಾತೆಗೂ ಸೇರದೆ ವ್ಯಯವಾಗಿ ಹೋಗುತ್ತವೆ.

ನಾನು ವೃತ್ತಿಯಿಂದ ಲೆಕ್ಕಪರಿಶೋಧಕಿ. ಪುಣೆಯ ಯೆರವಡಾದಲ್ಲಿ ನಮ್ಮ ಮನೆ. ಮೂರೂವರೆ ವರ್ಷದ ಮಗನ ಆಟಿಸಂ ಮೌಲ್ಯಮಾಪನಕ್ಕಾಗಿ ಸರದಿಯಲ್ಲಿ ಕಾಯುತ್ತಿರುವ ತಾಯಿ. ಅವನಿಗೆ ಆಟಿಸಂ ಇದೆಯೆಂದು ಯಾರೂ ಇನ್ನೂ ಬರೆದುಕೊಟ್ಟಿಲ್ಲ, ಇಲ್ಲವೆಂದೂ ಬರೆದುಕೊಟ್ಟಿಲ್ಲ. ಈ ನಡುವಿನ ಕಾಲವನ್ನು ನಮ್ಮ ಸಮಾಜ ಶೂನ್ಯವೆಂದು ಭಾವಿಸಿದೆ. ನಮ್ಮ ಸರ್ಕಾರವೂ ಹಾಗೆಯೇ ಭಾವಿಸಿದೆ. ಈ ಎರಡೂ ಭಾವನೆಗಳು ತಪ್ಪೆಂಬುದೇ ಈ ಲೇಖನದ ವಾದ.

ಮಹಾರಾಷ್ಟ್ರದಲ್ಲಿ ‘ಯೆರವಡಾ’ ಎಂಬ ಹೆಸರು ಊರಿನ ಹೆಸರಾಗಿ ಉಳಿದಿಲ್ಲ. ಒಂದು ಕಡೆ ಮಧ್ಯವರ್ತಿ ಕಾರಾಗೃಹ. 1932ರಲ್ಲಿ ಗಾಂಧೀಜಿ ಉಪವಾಸ ಕುಳಿತದ್ದೂ ಪುಣೆ ಒಪ್ಪಂದಕ್ಕೆ ಕಾರಣವಾದದ್ದೂ ಅಲ್ಲಿಯೇ. ಇನ್ನೊಂದು ಕಡೆ ಪ್ರಾದೇಶಿಕ ಮನೋರುಗ್ಣಾಲಯ. “ಇವನನ್ನು ಯೆರವಡಾಕ್ಕೆ ಕಳಿಸಬೇಕು” ಎಂದು ಮರಾಠಿಯಲ್ಲಿ ಯಾರಾದರೂ ನಕ್ಕರೆ ಅದರ ಅರ್ಥ ಎಲ್ಲರಿಗೂ ತಿಳಿಯುತ್ತದೆ. ನಮ್ಮ ಬಂಧುಗಳಲ್ಲಿಯೂ ಈ ನಗೆಯ ಮಾತು ಚಾಲ್ತಿಯಲ್ಲಿದೆ. ಆಟಿಸಂ ಮನೋರೋಗವಲ್ಲ, ಅದು ಮಿದುಳಿನ ಬೆಳವಣಿಗೆಯ ಒಂದು ಭಿನ್ನ ಕ್ರಮ. ಆದರೆ ಇಷ್ಟು ಹೇಳಿ ಮನೋರುಗ್ಣಾಲಯದ ಗೋಡೆಯಿಂದ ನನ್ನ ಮಗನನ್ನು ದೂರ ಸರಿಸಿ ನಿಟ್ಟುಸಿರು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಗೋಡೆಯ ಒಳಗಿರುವವರೂ ಯಾರದೋ ಮಕ್ಕಳೇ. ನಗೆಯ ವಿಷಯ ಕಾಯಿಲೆಯಾಗುವ ತನಕ, ಹೆಸರಿನ ಭಯದಿಂದ ವೈದ್ಯರ ಬಾಗಿಲು ಬಡಿಯದ ತಂದೆ ತಾಯಿಗಳು ಇದ್ದೇ ಇರುತ್ತಾರೆ.

ಮೊದಲು ಸಾಂತ್ವನವನ್ನು ಪರೀಕ್ಷಿಸೋಣ. ತಡವಾಗಿ ಮಾತು ಕಲಿತು ಮುಂದೆ ಎಲ್ಲರಂತಾದ ಮಕ್ಕಳು ಇದ್ದಾರೆ ಎಂಬುದು ಸತ್ಯ. ಆ ಸೋದರಮಾವನೂ ಸತ್ಯವೇ ಇರಬಹುದು. ಆದರೆ ಯಾವ ಮಗು ತಾನಾಗಿ ಸುಧಾರಿಸುತ್ತದೆ, ಯಾವ ಮಗುವಿಗೆ ನೆರವು ಬೇಕು ಎಂಬುದನ್ನು ಮನೆಯ ಪಡಸಾಲೆಯಲ್ಲಿ ಕುಳಿತು ಯಾರೂ ಹೇಳಲಾರರು. ಮಾತು ಒಂದೇ ಲಕ್ಷಣವೂ ಅಲ್ಲ. ಬೆರಳು ಮಾಡಿ ತೋರಿಸುವುದು, ತನಗೆ ಕಂಡ ವಿಮಾನವನ್ನು ಅಮ್ಮನಿಗೂ ತೋರಿಸಬೇಕೆಂದು ಅವಳ ಮುಖ ನೋಡುವುದು, ಸುಳ್ಳು ಸುಳ್ಳೇ ಅಡುಗೆ ಮಾಡಿ ಬಡಿಸುವ ಆಟ, ಇವೂ ಗಮನಿಸಬೇಕಾದವು. 16ರಿಂದ 30 ತಿಂಗಳ ಮಕ್ಕಳಿಗಾಗಿ ರೂಪಿಸಿದ, 20 ಪ್ರಶ್ನೆಗಳ ಎಂ-ಚಾಟ್ ಎಂಬ ಸರಳ ಪ್ರಶ್ನಾವಳಿ ಕೇಳುವುದು ಇಂಥವುಗಳನ್ನೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 18 ಮತ್ತು 24 ತಿಂಗಳಲ್ಲಿ ಪ್ರತಿಯೊಂದು ಮಗುವನ್ನೂ ಹೀಗೆ ಪರೀಕ್ಷಿಸಬೇಕೆಂದು ಹೇಳುತ್ತದೆ. ನಮ್ಮಲ್ಲಿ ಆ ವಯಸ್ಸಿನ ಮಗುವನ್ನು ಲಸಿಕೆಗೆ ಒಯ್ದಾಗ ತೂಕ ನೋಡುತ್ತಾರೆ, ಎತ್ತರ ನೋಡುತ್ತಾರೆ. ಈ ಪ್ರಶ್ನೆಗಳನ್ನು ಕೇಳುವ ವೈದ್ಯರು ವಿರಳ, ಕೇಳಿರೆಂದು ಒತ್ತಾಯಿಸುವ ಪೋಷಕರು ಅದಕ್ಕಿಂತ ವಿರಳ.

ಇನ್ನೊಂದು ಭ್ರಮೆಯನ್ನು ನಮ್ಮ ಮನೆಗಳಲ್ಲಿಯೇ ನೋಡಬಹುದು. “ಣಮೋಕಾರ ಮಂತ್ರವನ್ನು ಒಂದಕ್ಷರ ತಪ್ಪದೆ ಹೇಳುತ್ತಾನೆ, ಇವನಿಗೇನು ಕೊರತೆ? ಇದು ಪೂರ್ವಜನ್ಮದ ಸಂಸ್ಕಾರ” ಎಂದು ಅಜ್ಜಿಯರು ಹಿಗ್ಗುತ್ತಾರೆ. ಅದೇ ಮಗುವಿಗೆ ಬಾಯಾರಿದಾಗ ‘ನೀರು’ ಎನ್ನಲು ಬರುವುದಿಲ್ಲ. ಅಮ್ಮನ ಕೈಯನ್ನು ಹಿಡಿದೆಳೆದು ಹೂಜಿಯ ಮೇಲೆ ಇಡುತ್ತದೆ. ಕೇಳಿದ್ದನ್ನು ಹಾಗೆಯೇ ಮರುನುಡಿಯುವುದಕ್ಕೆ ವೈದ್ಯರು ಎಕೊಲೇಲಿಯಾ ಎನ್ನುತ್ತಾರೆ. ಆ ಮರುನುಡಿಗೂ ಅದರದೇ ಬೆಲೆಯಿದೆ, ಅದರಿಂದಲೇ ಮಾತನ್ನು ಕಟ್ಟುವ ವಿಧಾನಗಳಿವೆ. ಆದರೆ ಕಂಠಪಾಠ ಬೇರೆ, ಸಂವಾದ ಬೇರೆ. ಮಂತ್ರ ಹೇಳಿಸಿ ನೆಂಟರ ಮುಂದೆ ಚಪ್ಪಾಳೆ ಹೊಡೆಸುವ ಮನೆ, ನೀರು ಕೇಳಲಾರದ ಮಗುವಿನ ಕಷ್ಟವನ್ನು ಆ ಚಪ್ಪಾಳೆಯಲ್ಲಿ ಮುಚ್ಚಿಬಿಡುತ್ತದೆ.

ನನ್ನ ವೃತ್ತಿಯಲ್ಲಿ ವಿವೇಕದ ತತ್ತ್ವವೊಂದಿದೆ. ಹೊಣೆ ಖಚಿತವಾಗುವವರೆಗೆ ಕಾಯುವ ವ್ಯಾಪಾರಿ ಮುಳುಗುತ್ತಾನೆ. ಸಂಭವವಿದೆಯೆಂದು ಕಂಡೊಡನೆ ಲೆಕ್ಕದಲ್ಲಿ ಮೀಸಲು ತೆಗೆದಿಡಬೇಕು. ಮುಂದೆ ಹೊಣೆ ಬರಲಿಲ್ಲವೆಂದರೆ ಮೀಸಲನ್ನು ಹಿಂದಕ್ಕೆ ಬರೆದುಕೊಳ್ಳಬಹುದು. ನಮ್ಮ ಸಮಾಜದಲ್ಲಿ ಬಹಳ ಜನ ವ್ಯಾಪಾರಸ್ಥರು. ಅಂಗಡಿಯ ವಿಷಯದಲ್ಲಿ ಈ ತತ್ತ್ವವನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಮಗುವಿನ ವಿಷಯದಲ್ಲಿ ಮಾತ್ರ ‘ಖಚಿತವಾಗಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಆಟಿಸಂ ಇಲ್ಲದ, ಕೇವಲ ತಡವಾಗಿ ಮಾತು ಕಲಿಯುವ ಮಗುವಿಗೆ ಆರು ತಿಂಗಳು ವಾಕ್‌ಚಿಕಿತ್ಸೆ ಕೊಡಿಸಿದರೆ ಆಗುವ ನಷ್ಟ ಸ್ವಲ್ಪ ಹಣ ಮತ್ತು ಸಮಯ. ಆಟಿಸಂ ಇರುವ ಮಗುವಿಗೆ ಎರಡು ವರ್ಷ ಏನೂ ಕೊಡಿಸದಿದ್ದರೆ ಆಗುವ ನಷ್ಟವನ್ನು ಯಾವ ಆಯವ್ಯಯ ಪಟ್ಟಿಯೂ ತುಂಬಿಕೊಡುವುದಿಲ್ಲ.

ರೋಗನಿರ್ಣಯಕ್ಕೆ ಮುನ್ನವೇ ಮಾಡಬಹುದಾದದ್ದು ಬಹಳವಿದೆ. ಮೊತ್ತಮೊದಲು ಶ್ರವಣ ಪರೀಕ್ಷೆ; ಕಿವಿ ಕೇಳಿಸದಿದ್ದರೂ ಮಾತು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2ರಿಂದ 9 ವರ್ಷದ ಮಕ್ಕಳ ಪೋಷಕರಿಗಾಗಿ ರೂಪಿಸಿದ ಕೌಶಲ ತರಬೇತಿಗೆ ಸೇರಲು ರೋಗನಿರ್ಣಯದ ಕಾಗದವೇ ಬೇಕಿಲ್ಲ, ಬೆಳವಣಿಗೆಯಲ್ಲಿ ಹಿಂದುಳಿದಿದ್ದರೆ ಸಾಕು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ‘ಪಾಸ್’ ಅಧ್ಯಯನದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ತಂದೆ ತಾಯಿಗಳಿಗೆ ಮಗುವಿನೊಡನೆ ಆಡುವ, ಸ್ಪಂದಿಸುವ ರೀತಿಯನ್ನು ಕಲಿಸಿದರು. ಪೋಷಕರ ಸ್ಪಂದನೆಯೂ ಮಗು ತಾನಾಗಿ ಸಂವಾದಕ್ಕೆ ತೊಡಗುವುದೂ ಹೆಚ್ಚಿದವು. ದೊಡ್ಡ ನಗರದ ದುಬಾರಿ ಕೇಂದ್ರವೇ ಬೇಕೆಂಬ ನೆಪ ಇಲ್ಲಿಗೆ ಮುಗಿಯುತ್ತದೆ.

ಇನ್ನು ಆರೋಪ. ತಾಯಿಯನ್ನು ದೂರುವ ಈ ಚಟ ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಬರೆದು ಆಟಿಸಂಗೆ ವೈದ್ಯಶಾಸ್ತ್ರದಲ್ಲಿ ಸ್ಥಾನ ಕೊಟ್ಟರು. ಮುಂದೆ ಬ್ರೂನೋ ಬೆಟಲ್‌ಹೈಮ್ ಮುಂತಾದವರು ತಾಯಿಯ ತಣ್ಣನೆಯ ಮನಸ್ಸೇ ಇದಕ್ಕೆ ಕಾರಣವೆಂದು ಸಾರಿ, ಒಂದು ತಲೆಮಾರಿನ ತಾಯಂದಿರನ್ನು ಅಪರಾಧಿಗಳನ್ನಾಗಿ ಮಾಡಿದರು. ತಾನೇ ಅಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿಯೇ ಆ ವಾದವನ್ನು ಖಂಡಿಸಿ ಪುಸ್ತಕ ಬರೆದರು. ವಿಜ್ಞಾನ ಅವರ ಕಡೆಗೇ ನಿಂತಿತು. ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಶಂಕೆ ಹುಟ್ಟಿಸಿದ ಆಂಡ್ರೂ ವೇಕ್‌ಫೀಲ್ಡರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಇಷ್ಟಾದ ಮೇಲೂ 2ರ ಮಗುವಿನ ತಾಯಿ ಕೆಲಸಕ್ಕೆ ಹೋಗುತ್ತಾಳೆಂಬುದೇ ಮೂಲಕಾರಣವೆಂದು ನಮ್ಮ ಊಟದ ಪಂಕ್ತಿಯಲ್ಲಿ ತೀರ್ಪು ಬರುತ್ತದೆ. ಅದೇ ಮಗುವಿನ ತಂದೆಯೂ ಕೆಲಸಕ್ಕೆ ಹೋಗುತ್ತಾನೆ. ಆತನನ್ನು ಯಾರೂ ಕೇಳುವುದಿಲ್ಲ.

ಈ ಆರೋಪಕ್ಕೆ ಧರ್ಮದ ಉಡುಗೆ ತೊಡಿಸಿದಾಗ ಅದು ಇನ್ನೂ ಕ್ರೂರವಾಗುತ್ತದೆ. “ತಾಯಿಯ ಕರ್ಮ, ಮಗು ಅನುಭವಿಸುತ್ತಿದೆ” ಎನ್ನುವವರು ಬಸದಿಗೆ ದಿನವೂ ಹೋಗುವವರೇ. ಅವರು ಕೇಳಿದ ಪ್ರವಚನವಾದರೂ ಯಾವುದು? ಒಂದು ಜೀವದ ಕರ್ಮಬಂಧ ಆ ಜೀವದ್ದೇ. ಒಬ್ಬರ ಕರ್ಮವನ್ನು ಇನ್ನೊಬ್ಬರ ಮೇಲೆ ಇಳಿಸಲು ನಮ್ಮ ಸಿದ್ಧಾಂತದಲ್ಲಿ ಎಡೆಯೇ ಇಲ್ಲ. ಹಾಗೆ ಇಳಿಸಲು ಬರುವುದಿಲ್ಲವೆಂಬುದೇ ಅದರ ಹಿರಿಮೆ. ಮಗುವಿನದೇ ಕರ್ಮವೆಂದುಕೊಂಡರೂ ನಮ್ಮ ಕರ್ತವ್ಯ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ದೃಷ್ಟಿ ಮಂದವಾದಾಗ ಕನ್ನಡಕ ಹಾಕುತ್ತೇವೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತೇವೆ. ಅಲ್ಲೆಲ್ಲ ಕರ್ಮೋದಯವೆಂದು ಕೈಕಟ್ಟಿ ಕೂರುವುದಿಲ್ಲ. ಸಮ್ಯಕ್ತ್ವದ ಎಂಟು ಅಂಗಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ. ನಿರ್ವಿಚಿಕಿತ್ಸೆಯೆಂದರೆ ಇನ್ನೊಬ್ಬರ ದೇಹಸ್ಥಿತಿಯನ್ನು ಕಂಡು ಹೇಸದಿರುವುದು. ಅಮೂಢದೃಷ್ಟಿಯೆಂದರೆ ಮೂಢನಂಬಿಕೆಗೆ ಮಾರುಹೋಗದಿರುವುದು. ಸ್ಥಿತಿಕರಣವೆಂದರೆ ಎಡವಿದವರನ್ನು ಹಿಡಿದು ನಿಲ್ಲಿಸುವುದು. ಬಸದಿಯಲ್ಲಿ ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುವ ಮಗುವಿನ ತಾಯಿಗೆ “ಹೊರಗೆ ಕರೆದುಕೊಂಡು ಹೋಗಮ್ಮಾ” ಎನ್ನುವಾಗ ಈ ಮೂರರಲ್ಲಿ ಯಾವುದನ್ನು ಆಚರಿಸಿದಂತಾಯಿತು?

ಅಮೂಢದೃಷ್ಟಿಯ ಕೊರತೆಗೆ ಆಧುನಿಕ ರೂಪವೂ ಇದೆ. ದಾರ, ತಾಯಿತ, ಹರಕೆಗಳಿಂದ ಹೊರಬಂದ ವಿದ್ಯಾವಂತರು ಲಕ್ಷಾಂತರ ರೂಪಾಯಿಯ ‘ಸ್ಟೆಮ್ ಸೆಲ್’ ಚಿಕಿತ್ಸೆಯ ಜಾಹೀರಾತಿಗೆ ಬಲಿಯಾಗುತ್ತಾರೆ. ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದೂ ಅದನ್ನು ಪ್ರಚಾರ ಮಾಡುವುದು ವೃತ್ತಿದುರಾಚಾರವೆಂದೂ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲಿಯೇ ಹೇಳಿದೆ. ‘ಗುಣಪಡಿಸುತ್ತೇವೆ’ ಎಂದು ಬರೆದ ಫಲಕ ಕಂಡರೆ ಆ ಬಾಗಿಲಿನಿಂದ ಹಿಂದಿರುಗಿ ಬನ್ನಿ. ಆಟಿಸಂ ಗುಣಪಡಿಸುವ ಕಾಯಿಲೆಯಲ್ಲ. ಮಗುವಿಗೆ ತನ್ನ ಬೇಕು ಬೇಡಗಳನ್ನು ಹೇಳಿಕೊಳ್ಳಲು, ತನ್ನ ಕೆಲಸ ತಾನು ಮಾಡಿಕೊಳ್ಳಲು ಕಲಿಸುವುದು ಚಿಕಿತ್ಸೆಯ ಗುರಿ.

ಎಚ್ಚರಿಕೆಯ ಮಾತಿಗೆ ಬರೋಣ. ಆಟಿಸಂನಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದೆಂಬುದು ನಿಜ. ಅದನ್ನು ಮುಚ್ಚಿಟ್ಟು ವಾದಿಸುವುದಿಲ್ಲ. ಒಡಹುಟ್ಟಿದವರಲ್ಲಿ ಅದು ಕಾಣಿಸಿಕೊಳ್ಳುವ ಸಂಭವ ಇತರರಿಗಿಂತ ಹೆಚ್ಚು. ಆದರೆ ಇದರಿಂದ ಏಳುವ ನಿರ್ಣಯ ಬಚ್ಚಿಡುವವರ ವಿರುದ್ಧವೇ ಹೋಗುತ್ತದೆ. ಅಣ್ಣನ ಸ್ಥಿತಿಯನ್ನು ಬಚ್ಚಿಟ್ಟ ಮನೆಯಲ್ಲಿ ಒಂದು ವರ್ಷದ ತಂಗಿಯನ್ನು ಯಾರು ಎಚ್ಚರದಿಂದ ಗಮನಿಸುತ್ತಾರೆ? ಗಂಡು ಮಕ್ಕಳಲ್ಲಿ ಆಟಿಸಂ ಪತ್ತೆಯಾಗುವುದು ಹೆಣ್ಣು ಮಕ್ಕಳಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಮೌನವಾಗಿ ಮೂಲೆಯಲ್ಲಿ ಕೂರುವ ಹುಡುಗಿಯನ್ನು ‘ಒಳ್ಳೆಯ ಮಗು’ ಎಂದು ಹೊಗಳಿ ಬಿಟ್ಟುಬಿಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರು ಆಟಿಸಂ ಇರುವವರು. ಐನೂರು ಜನ ಕೂಡುವ ನಮ್ಮ ಯಾವ ಮದುವೆ ಮಂಟಪವೂ ಇದರಿಂದ ಹೊರತಲ್ಲ. ಎಲ್ಲರ ಮನೆಯಲ್ಲಿಯೂ ಇರುವುದನ್ನು ಎಲ್ಲರೂ ಬಚ್ಚಿಟ್ಟು, ಒಬ್ಬರನ್ನೊಬ್ಬರು ಹೆದರಿಸುತ್ತಿದ್ದೇವೆ.

ರೋಗನಿರ್ಣಯ ಬೇರೆ, ಅಂಗವೈಕಲ್ಯ ಪ್ರಮಾಣಪತ್ರ ಬೇರೆ ಎಂಬ ಭೇದವೂ ನಮಗೆ ತಿಳಿದಿರಬೇಕು. ನಿರ್ಣಯ ವೈದ್ಯರ ಮತ್ತು ನಿಮ್ಮ ನಡುವಿನದು. ಪ್ರಮಾಣಪತ್ರ ನೀವಾಗಿ ಅರ್ಜಿ ಹಾಕಿ ಪಡೆಯಬೇಕಾದ ದಾಖಲೆ, ಹಾಕಲೇಬೇಕೆಂಬ ಬಲವಂತವಿಲ್ಲ. ಆದರೆ ಹಕ್ಕುಗಳೆಲ್ಲ ಅದರ ಬೆನ್ನಿಗೇ ಕಟ್ಟಿವೆ. ಇಲ್ಲಿಂದ ನನ್ನ ತಕರಾರು ಸರ್ಕಾರದೊಡನೆ.

1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಅನ್ನು ಹೆಸರಿಸಿತು. ಅದರ ‘ನಿರಾಮಯ’ ಯೋಜನೆಯಲ್ಲಿ ₹1 ಲಕ್ಷದವರೆಗೆ ಆರೋಗ್ಯ ವಿಮೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾನ್ಯ ಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಒಂದು. ಆದರೆ ಆ ಕಾಯ್ದೆಯ 31ನೆಯ ಕಲಮು ಉಚಿತ ಶಿಕ್ಷಣದ ಹಕ್ಕನ್ನು ಕೊಡುವುದು 6ರಿಂದ 18 ವರ್ಷದವರಿಗೆ, ಅದೂ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಪ್ರಮಾಣಿತವಾದ ಮೇಲೆ. ನೆರವು ಅತ್ಯಂತ ಫಲ ಕೊಡುವ ಮೊದಲ ಆರು ವರ್ಷಗಳಿಗೆ ಅಲ್ಲಿ ಏನೂ ಇಲ್ಲ. ಆ ವಯಸ್ಸನ್ನೂ ಒಳಗೊಳ್ಳುವಂತೆ 2013ರ ಫೆಬ್ರವರಿಯಲ್ಲಿ ಇದೇ ಮಹಾರಾಷ್ಟ್ರದ ಪಾಲ್ಘರಿನಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು. ಬೆಳವಣಿಗೆಯ ವಿಳಂಬವನ್ನು ಪತ್ತೆಹಚ್ಚಿ ಜಿಲ್ಲೆಯ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳಿಸಬೇಕೆಂಬುದು ಅದರ ಕ್ರಮ. ನಿಮ್ಮ ಜಿಲ್ಲೆಯ ಆ ಕೇಂದ್ರ ಎಲ್ಲಿದೆಯೆಂದು ನಿಮಗೆ ಗೊತ್ತೇ? ನಿಮ್ಮ ಶಾಸಕರಿಗೆ ಗೊತ್ತೇ? ಮತ ಕೇಳಲು ಬಂದವರಿಗೆ ಈ ಒಂದು ಪ್ರಶ್ನೆ ಕೇಳಿ ನೋಡಿ.

ತೆರಿಗೆಯ ಲೆಕ್ಕ ನನ್ನ ಕಸುಬು, ಅದನ್ನೂ ಹೇಳುತ್ತೇನೆ. ವಾರಕ್ಕೆ ಮೂರು ಬಾರಿ ಚಿಕಿತ್ಸೆ, ಒಂದಕ್ಕೆ ₹800 ಎಂದು ಹಿಡಿಯಿರಿ. ವರ್ಷಕ್ಕೆ ₹1,24,800 ಆಯಿತು. ಆದಾಯ ತೆರಿಗೆ ಕಾನೂನಿನಡಿ ಅವಲಂಬಿತ ವಿಕಲಚೇತನರ ಪೋಷಕರಿಗೆ ₹75,000, ತೀವ್ರ ವೈಕಲ್ಯವಿದ್ದರೆ ₹1,25,000 ಕಡಿತವಿದೆ. ಶೇ. 30ರ ದರದಲ್ಲಿ ತೆರಿಗೆ ಕಟ್ಟುವವರಿಗೆ ₹75,000ದ ಕಡಿತದಿಂದ ಸೆಸ್ ಸೇರಿ ಉಳಿಯುವುದು ₹23,400. ಅದಕ್ಕೂ ನಿಗದಿತ ನಮೂನೆಯಲ್ಲಿ ನರರೋಗತಜ್ಞರ, ಮಕ್ಕಳ ನರರೋಗತಜ್ಞರ ಅಥವಾ ಸರ್ಕಾರಿ ಆಸ್ಪತ್ರೆಯ ಸಿವಿಲ್ ಸರ್ಜನ್, ಮುಖ್ಯ ವೈದ್ಯಾಧಿಕಾರಿಗಳ ಪ್ರಮಾಣಪತ್ರ ಬೇಕು. ಸರದಿಯಲ್ಲಿ ಕಾಯುತ್ತಿರುವ ವರ್ಷಕ್ಕೆ ಸೊನ್ನೆ. 2023–24ರ ಹಣಕಾಸು ವರ್ಷದಿಂದ ಸರ್ಕಾರ ‘ಹೊಸ ಪದ್ಧತಿ’ಯನ್ನೇ ಸಹಜ ಆಯ್ಕೆಯಾಗಿ ಮಾಡಿದೆ, ಅದರಲ್ಲಿ ಈ ಕಡಿತವೇ ಇಲ್ಲ. ಸರಳೀಕರಣವೆಂದರೆ ಮನೆಸಾಲದ ಬಡ್ಡಿಯನ್ನೂ ವಿಕಲಚೇತನ ಮಗುವಿನ ಪೋಷಣೆಯನ್ನೂ ಒಂದೇ ಗೆರೆಯಲ್ಲಿ ಹೊಡೆದುಹಾಕುವುದೇ? ಒಂದು ಹೂಡಿಕೆ, ಇನ್ನೊಂದು ಅನಿವಾರ್ಯ. ಈ ಭೇದವನ್ನು ಅರಿಯದ ಸರಳತೆ ನ್ಯಾಯವೆನಿಸದು.

ಶಾಲೆಯ ವಿಷಯದಲ್ಲಿ ಸರ್ಕಾರವನ್ನಷ್ಟೇ ದೂರಿ ನಾವು ಪಾರಾಗುವಂತಿಲ್ಲ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆಯಿತು, ಸಿಹಿ ಹಂಚಿದೆವು. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲವೆಂದಿತು. ಮಾನ್ಯತೆಯನ್ನು ಹಕ್ಕಾಗಿ ಪಡೆದವರು ಅದರಿಂದ ಸಿಕ್ಕ ವಿನಾಯಿತಿಯನ್ನು ಏನು ಮಾಡಿದೆವು? ವಿಶೇಷ ಅಗತ್ಯವುಳ್ಳ 10 ಪ್ರಾಥಮಿಕ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ಸಮಾಜ ನಡೆಸುವ ಶಾಲೆಗಳಲ್ಲಿ ಎಷ್ಟರಲ್ಲಿ ಒಬ್ಬರಾದರೂ ಇದ್ದಾರೆ? “ನಮ್ಮಲ್ಲಿ ಸೌಲಭ್ಯವಿಲ್ಲ, ಬೇರೆ ನೋಡಿಕೊಳ್ಳಿ” ಎಂಬ ನಯವಾದ ಉತ್ತರ ನನಗೂ ಸಿಕ್ಕಿದೆ. ಅಹಿಂಸೆಯ ಫಲಕದ ಕೆಳಗೆ ಕುಳಿತೇ ಅದನ್ನು ಕೇಳಿಸಿಕೊಂಡೆ.

ಹೊರನಾಡಿನಲ್ಲಿರುವ ನಮಗೆ ಭಾಷೆಯ ಸಂಕಟವೊಂದು ಹೆಚ್ಚಿನದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕೆಲಸದವಳೊಡನೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. “ಮಗುವಿಗೆ ಗೊಂದಲವಾಗುತ್ತಿದೆ, ಕನ್ನಡ ಬಿಟ್ಟುಬಿಡಿ” ಎಂಬ ಸಲಹೆ ಸುಲಭವಾಗಿ ಬರುತ್ತದೆ. ಎರಡು ಭಾಷೆಗಳು ಆಟಿಸಂ ಇರುವ ಮಕ್ಕಳ ಮಾತಿನ ಬೆಳವಣಿಗೆಗೆ ಹಾನಿ ಮಾಡುತ್ತವೆಂದು ಈವರೆಗಿನ ಅಧ್ಯಯನಗಳು ತೋರಿಸಿಲ್ಲ. ಕನ್ನಡ ಬಿಟ್ಟರೆ ಆಗುವುದು ಇಷ್ಟೇ: ಮಗುವಿನೊಡನೆ ದಿನವೆಲ್ಲ ಇರುವ ಅಜ್ಜಿ ಮೂಕಿಯಾಗುತ್ತಾಳೆ, ತಾಯಿ ತನಗೆ ಸಹಜವಲ್ಲದ ನುಡಿಯಲ್ಲಿ ಲಾಲಿಸಬೇಕಾಗುತ್ತದೆ. ಕಡಿಮೆ ಮಾತು ಕೇಳುವ ಮಗುವಿನ ಕಿವಿಯಿಂದ ಇನ್ನಷ್ಟು ಮಾತನ್ನು ಕಿತ್ತುಕೊಂಡಂತಾಯಿತು. ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಪರೀಕ್ಷಿಸಿದಾಗ ಉತ್ತರಿಸದ ಮಗು ಕನ್ನಡದಲ್ಲಿ ಉತ್ತರಿಸೀತು. ಆದ್ದರಿಂದ ಮೌಲ್ಯಮಾಪನಕ್ಕೆ ಹೋದಾಗ ಮನೆಮಾತು ಕನ್ನಡವೆಂದು ಮೊದಲೇ ಬರೆಸಿ. ಸಾಧ್ಯವಿದ್ದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಾರ್ವಜನಿಕ ಸಂಸ್ಥೆಗಳಿವೆ. ಅಲ್ಲಿ ಕನ್ನಡದಲ್ಲಿಯೇ ಮಾತಾಡುವ ತಜ್ಞರಿದ್ದಾರೆ.

ಕೊನೆಯದಾಗಿ ನಮ್ಮ ಟ್ರಸ್ಟುಗಳ ಮಾತು. ಮೊದಲ ಕಲಶದ ಸವಾಲು ಲಕ್ಷಗಳಲ್ಲಿ ಏರುವುದನ್ನು ನಾವೆಲ್ಲ ಕಂಡಿದ್ದೇವೆ. ಭಕ್ತಿಗೆ ನನ್ನ ಆಕ್ಷೇಪವಿಲ್ಲ. ಆದರೆ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧ ಮತ್ತು ಅಭಯಗಳ ಖಾತೆ ಏಕೆ ಖಾಲಿಯಾಗಿದೆ? ಆದಾಯ ತೆರಿಗೆ ವಿನಾಯಿತಿ ಪಡೆವ ಟ್ರಸ್ಟು ತನ್ನ ವಾರ್ಷಿಕ ಆದಾಯದ ಶೇ. 85ನ್ನು ಉದ್ದೇಶಕ್ಕೆ ವಿನಿಯೋಗಿಸಲೇಬೇಕು. ವೈದ್ಯಕೀಯ ನೆರವೂ ಶಿಕ್ಷಣವೂ ಕಾನೂನು ಒಪ್ಪಿದ ಧರ್ಮಕಾರ್ಯಗಳೇ. ಹಣವಿಲ್ಲವೆಂಬ ಉತ್ತರ ಲೆಕ್ಕಪುಸ್ತಕ ನೋಡಿದವರ ಮುಂದೆ ನಿಲ್ಲದು.

ಆದ್ದರಿಂದ ನಾಲ್ಕು ಬೇಡಿಕೆಗಳನ್ನು ಹೆಸರು ಹಿಡಿದು ಮುಂದಿಡುತ್ತೇನೆ. ಒಂದು, ಪ್ರತಿ ಊರಿನ ಸಮಾಜ ವರ್ಷಕ್ಕೊಮ್ಮೆ ಎರಡು ವರ್ಷದೊಳಗಿನ ಮಕ್ಕಳ ಬೆಳವಣಿಗೆ ತಪಾಸಣೆಯ ಶಿಬಿರವನ್ನು, ಜಾತಿ ಧರ್ಮದ ಭೇದವಿಲ್ಲದೆ, ಬಸದಿಯ ಸಭಾಭವನದಲ್ಲಿ ನಡೆಸಲಿ. ಎರಡು, ನಮ್ಮ ಪ್ರತಿಯೊಂದು ಶಾಲೆಯೂ ಮುಂದಿನ ಶೈಕ್ಷಣಿಕ ವರ್ಷದೊಳಗೆ ಒಬ್ಬ ವಿಶೇಷ ಶಿಕ್ಷಕರನ್ನು ನೇಮಿಸಲಿ. ಮೂರು, ರೋಗನಿರ್ಣಯದ ಕಾಗದವಿರಲಿ ಇಲ್ಲದಿರಲಿ, ಮೊದಲ ಆರು ತಿಂಗಳ ಚಿಕಿತ್ಸಾ ವೆಚ್ಚವನ್ನು ಅಶಕ್ತ ಕುಟುಂಬಗಳಿಗೆ ಭರಿಸುವ ನಿಧಿಯೊಂದಿರಲಿ. ನಾಲ್ಕು, ವಾರದಲ್ಲಿ ಒಂದು ಬೆಳಗು ಬಸದಿಯಲ್ಲಿ ಗಂಟೆ, ಜಾಗಟೆ, ಧ್ವನಿವರ್ಧಕಗಳಿಲ್ಲದ ದರ್ಶನದ ಒಂದು ಗಂಟೆ ಇರಲಿ. ಅದಕ್ಕೆ ಖರ್ಚೂ ಇಲ್ಲ.

ಚಾತುರ್ಮಾಸದ ಸಭೆಗಳು ಎಲ್ಲ ಊರುಗಳಲ್ಲಿಯೂ ನಡೆಯುತ್ತವೆ. ಈ ನಾಲ್ಕರಲ್ಲಿ ಒಂದನ್ನಾದರೂ ಠರಾವಾಗಿ ಮಂಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ವಿರೋಧಿಸಿದವರ ಹೆಸರನ್ನೂ ಬರೆಸಿ.

ಜಯ ಜಿನೇಂದ್ರ.